ಹಂಡೆ ಮರಳಿ ಬಂದ ಹಬ್ಬ

ಹೊಳೆಯ ದಂಡೆಯ ಮಠದಲ್ಲಿ ಗವಿಸಿದ್ದ ಎಂಬ ಶಿಷ್ಯನಿದ್ದ. ದೀಪಾವಳಿ ಹತ್ತಿರ ಬಂದಾಗ ಸ್ನಾನದ ಹಂಡೆ ಸೋರತೊಡಗಿತು. ಬೆಸುಗೆ ಹಾಕಿಸಿಕೊಂಡು ಬಾ ಎಂದು ಅವನನ್ನು ಆಚೆ ದಡದ ಪೇಟೆಗೆ ಕಳಿಸಿದರು.

ಬೆಸುಗೆಯೇನೋ ಗಟ್ಟಿಯಾಗಿಯೇ ಬಿತ್ತು. ಹಂಡೆ ಮಾತ್ರ ಮರಳಿ ಬರಲಿಲ್ಲ.

ಹರಿಗೋಲಿಗೆ ಜನ ತುಂಬುವವರೆಗೆ ಹೊತ್ತು ಹೋಗಲೆಂದು ಗವಿಸಿದ್ದ ಅಂಬಿಗ ಹುಲುಗಪ್ಪನ ಎದುರು ಇಸ್ಪೀಟಿಗೆ ಕೂತಿದ್ದ. ಮೊದಲು ಹೆಗಲ ಮೇಲಿನ ವಲ್ಲಿ ಸೋತ. ವಲ್ಲಿ ಗೆಲ್ಲಲು ಹೋಗಿ ಹಂಡೆ ಸೋತ.

ನೀರು ತುಂಬುವ ಹಬ್ಬ ನಾಳೆಯೇ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಹಚ್ಚಿ, ಹೂ ಏರಿಸಿ, ನೀರು ತುಂಬಿಡಬೇಕು. ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಣ್ಣೆಸ್ನಾನ. ಬರಿದಾದ ಬಚ್ಚಲ ಒಲೆ ನೋಡಿದ ಅಡುಗೆಯ ಶಾಂತವ್ವ, ಈ ಸಲ ಮಠದ ಮಂದಿಯೆಲ್ಲ ತಣ್ಣನೆಯ ಹೊಳೆಯಲ್ಲೇ ಮುಳುಗಲಿ, ಗವಿಸಿದ್ದನನ್ನು ಮಾತ್ರ ತಾನೇ ಕೈಯಾರೆ ಮುಳುಗಿಸುತ್ತೇನೆ ಎಂದಳು.

ಗುರು ಚೆನ್ನವೀರಜ್ಜ ಕಾವಿ ಉಡುವ ಮೊದಲು ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಆಗ ಇಸ್ಪೀಟಿನಲ್ಲಿ ಅವರ ಎದುರು ಕೂರಲು ಪೇಟೆಯವರು ಹಿಂದೆಮುಂದೆ ನೋಡುತ್ತಿದ್ದರಂತೆ. ಗವಿಸಿದ್ದ ಅವರ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಅಜ್ಜ ಬೈಯಲಿಲ್ಲ.

“ಎಷ್ಟು ಆಟ ಆಡದ ಬಿಟ್ಟಿ?”

“ಒಂದೂ ಬಿಡಲಿಲ್ರಿ ಅಜ್ಜಾರ. ಕೈಗೆ ಬಂದ ಎಲೀನ ಬಿಡೂದು ಹೆಂಗ್ರಿ?”

ಅಜ್ಜ ಬದನೆಕಾಯಿ ಬುಟ್ಟಿ ತಂದು ಅವನ ಮುಂದೆ ಸುರಿದರು. ಪಲ್ಯಕ್ಕೆ ಆಗುವುದನ್ನು ಆರಿಸು ಎಂದರು.

ಆ ಸಲ ಹುಳ ಹೆಚ್ಚು. ಗವಿಸಿದ್ದ ಒಂದೊಂದನ್ನೇ ತಿರುವಿ ನೋಡಿ, ತೂತಿದ್ದದ್ದನ್ನು ಬೆನ್ನ ಹಿಂದೆ ಎಸೆಯುತ್ತ ಹೋದ. ಮುಂದೆ ಉಳಿದದ್ದು ಒಂದು ಮಡಿಲಿನಷ್ಟು. ಹಿಂದೆ ಬಿದ್ದದ್ದು ರಾಶಿ.

“ಅವನ್ನ ಯಾಕ ಒಗದಿ? ಅವೂ ಕೈಗೆ ಬಂದಿದ್ವಲ್ಲ?” ಎಂದರು ಅಜ್ಜ.

ಗವಿಸಿದ್ದ ಕೈಯಲ್ಲಿದ್ದ ಬದನೆಕಾಯಿಯನ್ನು ನೋಡಿದ, ಅಜ್ಜನ ಮುಖ ನೋಡಿದ. ಹಂಡೆ ಹೋದ ಮೇಲೆ ಮೊದಲ ಸಲ ನಕ್ಕ.

ಮರುದಿನ ಬೆಳಿಗ್ಗೆ ಗುರುಶಿಷ್ಯರಿಬ್ಬರೂ ಆಚೆ ದಡಕ್ಕೆ ಹೋದರು. ಅಜ್ಜ ಬೇವಿನ ನೆರಳು ಹಿಡಿದು ಕೂತರು. ಹುಲುಗಪ್ಪ ಹಲ್ಲು ಕಿರಿದ.

“ಬರ್ರಿ ಹಂಡೀ ಸ್ವಾಮಿ. ಈ ಸಲ ಒಲೀನೂ ಹೊತ್ಕೊಂಡು ಬಂದೀರೇನು?”

ಒಪ್ಪಂದವಾಯಿತು. ಗೆದ್ದರೆ ಹಂಡೆ ವಾಪಸ್ಸು. ಸೋತರೆ ಗವಿಸಿದ್ದ ಯುಗಾದಿಯವರೆಗೆ ಮಠ ಬಿಟ್ಟು ಹರಿಗೋಲಿಗೆ ಹುಟ್ಟು ಹಾಕಬೇಕು.

ಇಬ್ಬರಿಗೂ ಬೊಗಸೆ ಹುಣಸೆಬೀಜ. ಮೂರು ಮೂರು ಎಲೆ ಹಂಚುವ ಮೊದಲೇ ಇಬ್ಬರೂ ಒಂದೊಂದು ಬೀಜ ಇಡಬೇಕು. ಎಲೆ ನೋಡಿದ ಮೇಲೆ ಬೀಜ ಏರಿಸಬಹುದು. ಬೇಡವೆಂದವನು ಎಲೆ ಮಗುಚಿಟ್ಟರೆ ಇಟ್ಟದ್ದೆಲ್ಲ ಎದುರಿನವನಿಗೆ. ಇಬ್ಬರೂ ಎಲೆ ತೋರಿಸಿದರೆ ಬಿಡಿ ಎಲೆಗಿಂತ ಜೋಡಿ ದೊಡ್ಡದು, ಜೋಡಿಗಿಂತ ಒಂದೇ ಬಗೆಯ ಮೂರು ದೊಡ್ಡದು. ಬೀಜ ಮುಗಿದವನು ಸೋತಂತೆ.

ಗವಿಸಿದ್ದ ಹುಳುಕು ಎಲೆ ಬಂದಾಗಲೆಲ್ಲ ಮಗುಚಿಟ್ಟ. ಒಳ್ಳೆಯದು ಬಂದಾಗ ಮಾತ್ರ ಬೀಜ ಏರಿಸಿದ. ಅವನು ಏರಿಸಿದ ಕೂಡಲೇ ಹುಲುಗಪ್ಪ ತನ್ನ ಎಲೆ ಮಗುಚಿ ಬೀಡಿ ಹಚ್ಚುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಗವಿಸಿದ್ದನ ರಾಶಿ ಸವೆದು ತೆಳ್ಳಗಾಯಿತು.

ಬುತ್ತಿ ಬಿಚ್ಚಿದಾಗ ಅವನು ಅಜ್ಜನ ಹತ್ತಿರ ಓಡಿದ. ಹೇಳಿದಂತೆಯೇ ಆಡುತ್ತಿದ್ದೇನೆ, ಆದರೆ ನನಗೆ ಒಳ್ಳೆಯ ಎಲೆ ಬಂದದ್ದು ಅವನಿಗೆ ಹೇಗೋ ಗೊತ್ತಾಗುತ್ತದೆ ಎಂದು ಗೋಳಾಡಿದ.

ಅಜ್ಜ ರೊಟ್ಟಿ ಮುರಿದರು. “ನಮ್ಮ ಶಾಂತವ್ವ ಅಡಿಗಿಮನಿ ಬಾಗಲಾ ಯಾವಾಗ ಹಾಕ್ತಾಳ?”

“ಹೋಳಿಗಿ ಮಾಡೂ ದಿನ ಅಷ್ಟರೀ.”

“ಒಳಗ ಹೋಳಿಗಿ ಅದಾವು ಅಂತ ನಿಮಗ ಯಾರು ಹೇಳ್ತಾರ?”

“ಯಾರರೆ ಯಾಕ ಹೇಳಬೇಕ್ರಿ? ಬಾಗಲಾ ಹಾಕಿರತೈತಲ್ಲ.”

“ಗುಟ್ಟು ಉಳೀಬೇಕಂದ್ರ ಆಕಿ ಏನ ಮಾಡಬೇಕು?”

ಗವಿಸಿದ್ದ ಬಾಯಲ್ಲಿದ್ದ ತುತ್ತು ಅಗಿಯುವುದನ್ನೇ ಮರೆತ.

“ಬರೇ ರೊಟ್ಟಿ ಬಡಿಯೂ ದಿನಾನೂ ಒಮ್ಮೊಮ್ಮೆ ಬಾಗಲಾ ಹಾಕಬೇಕ್ರಿ.”

ಅಜ್ಜ ಉಳ್ಳಾಗಡ್ಡಿ ಕಡಿಯುತ್ತ ಹೊಳೆಯ ಕಡೆ ನೋಡಿದರು.

ಊಟ ಮುಗಿಸಿ ಕೂತ ಮೇಲೆ ಗವಿಸಿದ್ದನಿಗೆ ಎರಡು, ಐದು, ಒಂಬತ್ತು ಬಂದವು. ಒಂದಕ್ಕೊಂದು ಸಂಬಂಧವಿಲ್ಲದ ಎಲೆ. ಅವನು ಬೀಜ ಏರಿಸಿದ. ಹುಲುಗಪ್ಪನೂ ಏರಿಸಿದ. ಗವಿಸಿದ್ದ ಮತ್ತೆ ಏರಿಸಿದ, ಉಳಿದದ್ದನ್ನೆಲ್ಲ ಮುಂದೆ ನೂಕಿದ. ಮುಖವನ್ನು ಬೆಳಿಗ್ಗೆಯಂತೆಯೇ ಇಟ್ಟುಕೊಂಡ.

ಹುಲುಗಪ್ಪನ ಕೈಯಲ್ಲಿ ರಾಜರ ಜೋಡಿಯಿತ್ತು. ಈ ಸಾಮಿ ಗಟ್ಟಿ ಎಲೆ ಇಲ್ಲದೆ ಮುಂದೆ ಬರುವವನಲ್ಲ ಎಂದು ಗೊಣಗಿ, ರಾಜರನ್ನು ಮಗುಚಿಟ್ಟ.

ಗವಿಸಿದ್ದ ರಾಶಿಯನ್ನು ಬಾಚಿಕೊಂಡ. ನಗು ತಡೆಯಲಾಗದೆ ತನ್ನ ಎಲೆ ತೋರಿಸಿಯೇಬಿಟ್ಟ.

ಹರಿಗೋಲಿಗೆ ಕಾಯುತ್ತಿದ್ದ ಮಂದಿಯೆಲ್ಲ ಹೋ ಎಂದು ನಕ್ಕರು. ಹುಲುಗಪ್ಪನ ಕಿವಿ ಕೆಂಪಾದವು. ಇನ್ನು ಈ ಸಾಮಿಯ ಆಟ ನಾನು ನಂಬುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ.

ಆಮೇಲೆ ಗವಿಸಿದ್ದ ಎಷ್ಟೋ ಆಟ ಸುಮ್ಮನೆ ಬಿಟ್ಟ. ಬಿಸಿಲು ಇಳಿಯುವಾಗ ಅವನಿಗೆ ಮೂರು ಗುಲಾಮ ಬಂದವು. ಅವನು ಏರಿಸಿದ. ಹುಲುಗಪ್ಪ ಜೋಡಿ ಎಕ್ಕ ಹಿಡಿದು, “ಮತ್ತ ಅದೇ ನಾಟಕ” ಎನ್ನುತ್ತ ತನ್ನ ಬೀಜವನ್ನೆಲ್ಲ ಮುಂದೆ ಸುರಿದ.

ಗವಿಸಿದ್ದ ಗುಲಾಮರನ್ನು ಒಬ್ಬೊಬ್ಬರಾಗಿ ಕೂರಿಸಿದ.

ಹಂಡೆಯನ್ನು ಹರಿಗೋಲಿನಲ್ಲಿ ದಾಟಿಸಿ, ಮಠದ ಬಚ್ಚಲವರೆಗೆ ಹುಲುಗಪ್ಪನೇ ಹೊತ್ತು ತಂದ. ಶಾಂತವ್ವ ಹಂಡೆಯನ್ನು ಬೆರಳಿನಿಂದ ಬಡಿದು ನೋಡಿ, ಇಬ್ಬರಿಗೂ ಬೈದು, ಇಬ್ಬರಿಗೂ ಉಂಡಿ ಕೊಟ್ಟಳು.

ಮರುದಿನ ನಸುಕು. ಬಚ್ಚಲಲ್ಲಿ ಹಬೆಯೇ ಹಬೆ. ಮೈಗೆ ಎಣ್ಣೆ ಹಚ್ಚಿಕೊಂಡು ಕೂತ ಗವಿಸಿದ್ದನ ತಲೆಗೆ ಅಜ್ಜ ತಾವೇ ನೀರು ಹಾಕುತ್ತಿದ್ದರು. ಸೇಡು ತೀರಿಸಿಕೊಳ್ಳಲು ಹುಲುಗಪ್ಪ ಪಾಡ್ಯದ ದಿನ ಮತ್ತೆ ಕರೆದಿದ್ದಾನೆ, ಈ ಸಲ ಹರಿಗೋಲನ್ನೇ ಒತ್ತೆ ಇಡುತ್ತಾನಂತೆ ಎಂದು ಗವಿಸಿದ್ದ ಸಡಗರದಿಂದ ಹೇಳಿದ. ಅವನು ಮರಳಿ ಏನು ಒತ್ತೆ ಕೇಳಿದ್ದಾನೆ ಎಂದು ಅಜ್ಜ ವಿಚಾರಿಸಿದರು. ಗವಿಸಿದ್ದ ಕಣ್ಣಿನಲ್ಲೇ ಹಂಡೆ ತೋರಿಸಿದ.

ಆಮೇಲೆ ಕೇಳಿದ.

“ಅಜ್ಜಾರ, ನೀವು ಆಟ ಬಿಟ್ಟದ್ದು ಸೋತಾಗೋ, ಗೆದ್ದಾಗೋ?”

ಅಜ್ಜ ಹಂಡೆಯಲ್ಲಿ ಚೆಂಬು ಅದ್ದಿ, ತುಂಬಿಸಿ, ಅವನ ನೆತ್ತಿಯ ಮೇಲೆ ನಿಧಾನವಾಗಿ ಸುರಿದರು.

“ನೀರು ಬಿಸಿ ಇದ್ದಾಗ.”