ಗಂಧದ ಪೆಟ್ಟಿಗೆಯೊಳಗಿನ ಧ್ವನಿ

"ಕೇಳಿರಿ, ಕೇಳಿರಿ! ತೀರಿಹೋದ ಮಹಾರಾಣಿಯವರ ಧ್ವನಿ ಅವರ ಕಂಪ್ಯೂಟರಿನಲ್ಲಿದೆ. ಅದನ್ನು ಬಿಸಿಯೇರದಂತೆ, ಸದ್ದಾಗದಂತೆ ನಡೆಸಿದವರಿಗೆ ಒಂದು ಊರು ಉಂಬಳಿ! ಮೊದಲು ದೊರೆಗಳ ಮೂರು ಒಗಟು ಬಿಡಿಸಬೇಕು. ತಪ್ಪಿದವರಿಗೆ ತಲೆದಂಡ!"

ಸುರಗಿಪುರದ ಅರಸ ಗುಣಪಾಲ ಹೀಗೆ ಡಂಗುರ ಹೊಯ್ಯಿಸಿದ. ಆ ಕಂಪ್ಯೂಟರು ಗಂಧದ ಮರದ ತಗ್ಗು ಪೆಟ್ಟಿಗೆಯಲ್ಲಿತ್ತು. ರಾಣಿಯೇ ಕೆತ್ತಿದ ಪೆಟ್ಟಿಗೆಯಾದ್ದರಿಂದ ಮುಚ್ಚಳ ಕೊಯ್ಯಲು ದೊರೆ ಒಪ್ಪುತ್ತಿರಲಿಲ್ಲ. ಒಳಗಿನ ಫ್ಯಾನು ಭೋರೆನ್ನುತ್ತಿತ್ತು. ನಿಲ್ಲಿಸಿದರೆ ಯಂತ್ರ ಕಾದು, ಧ್ವನಿ ಬರುವ ಮೊದಲೇ ಆರಿಹೋಗುತ್ತಿತ್ತು. ಆ ಸದ್ದಿನ ನಡುವೆ ಅವಳ ದನಿ ಬರೀ ಗುನುಗಿದಂತೆ ಕೇಳುತ್ತಿತ್ತು. ತನಗೆ ಪ್ರಿಯವಾದ ಹಾಡನ್ನು ಹಾಡುತ್ತಿದ್ದಾಳೆಂದು ದೊರೆ ನಂಬಿದ್ದ.

"ಬೆಂಕಿಯಿಲ್ಲದೆ ಕಾಯುತ್ತದೆ, ಯೋಚಿಸಿದಷ್ಟೂ ಕಾಯುತ್ತದೆ, ಕಾದಷ್ಟೂ ಮಂಕಾಗುತ್ತದೆ. ಏನದು?" ಎಂದು ದೊರೆ ಕೇಳಿದಾಗ, ಮೊದಲು ಬಂದ ಸಾಮಂತ "ಕೋಪಿಷ್ಠನ ತಲೆ" ಎಂದ. ಹೋದದ್ದು ಅವನ ತಲೆ.

ಬಳಿಕ ಬಂದ ವರ್ತಕ ಅದನ್ನು ಬಿಡಿಸಿದ. ದೊರೆ ಮತ್ತೆ ಕೇಳಿದ: "ಉದ್ದನೆಯವನು ಬಾಗಿಲಲ್ಲಿ ಹಿಡಿಸ, ಕುಳ್ಳನಿಗೆ ಕೈ ಸಾಲದು. ಮನೆಯ ಉರಿ ಇಳಿಸಲು ಯಾರನ್ನು ಕರೆಯಲಿ?" ವರ್ತಕ "ಮಳೆರಾಯನನ್ನು" ಎಂದು ಸತ್ತ.

ಆಮೇಲೆ ಬಂದವನು ಕಂಚುಗಾರ ಬಮ್ಮೋಜ. ಎರಡನ್ನೂ ಬಿಡಿಸಿ, ಮೂರನೆಯದಕ್ಕೆ ಉತ್ತರವಾಗಿ ತಾನು ಮಾಡಿದ ಕೂಲರನ್ನು, ಅಂದರೆ ಶಾಖ ಹೀರುವ ತಾಮ್ರದ ರೆಕ್ಕೆಗಳಿಗೆ ಫ್ಯಾನು ಜೋಡಿಸಿದ ಸಾಧನವನ್ನು, ಪೆಟ್ಟಿಗೆಯೊಳಗೆ ಕೂರಿಸಿದ. ಯಂತ್ರ ತಣ್ಣಗಿತ್ತು. ಆದರೆ ಕೆಲಸ ಜೋರಾದಾಗ ಫ್ಯಾನು ದುಂಬಿಯಂತೆ ಗುಂಯ್‌ಗುಟ್ಟಿತು. ಅವನೂ ಉಳಿಯಲಿಲ್ಲ.

ಬಮ್ಮೋಜನ ತಮ್ಮ ಮಾಚೋಜ ಆ ಕೂಲರನ್ನು ಮನೆಗೆ ತಂದ. ಅಂಗಡಿಯಲ್ಲಿ ಅಣ್ಣ ಅದನ್ನು ಪರೀಕ್ಷಿಸುತ್ತಿದ್ದಾಗ ಪಕ್ಕದಲ್ಲೇ ತಾನು ತಾಮ್ರ ಬಡಿಯುತ್ತಿದ್ದುದು ಅವನಿಗೆ ನೆನಪಾಯಿತು. ಆ ಬಡಿತದಲ್ಲಿ ಗುಂಯ್ ಎನ್ನುವುದು ಇಬ್ಬರಿಗೂ ಕೇಳಿಸಿರಲಿಲ್ಲ. ಅನ್ನ ಸೇರದೆ ಕುಳಿತುಬಿಟ್ಟ.

ಬಳಿಕ ಅಂಗಡಿಯ ಕಂಪ್ಯೂಟರನ್ನು ಹೊತ್ತು, ನೆಲದಡಿಯ ಖಾಲಿಯಾದ ಕಾಳಿನ ಹಗೇವಿಗೆ ಇಳಿದು, ಆ ನಿಶ್ಶಬ್ದದಲ್ಲಿ ಪರೀಕ್ಷೆ ಶುರುಮಾಡಿದ. ಫ್ಯಾನನ್ನು ನಿಧಾನಿಸಿದರೆ ಯಂತ್ರ ಕಾದು ಬೆರಳು ಸುಡುತ್ತಿತ್ತು, ಓಡಿಸಿದರೆ ಗುಂಯ್‌ಗುಡುತ್ತಿತ್ತು. ಕೊನೆಗೆ ತಾಮ್ರದ ರೆಕ್ಕೆಗಳನ್ನು ಹೆಚ್ಚಿಸಿ, ಅಗಲವಾದ ಫ್ಯಾನು ಹಾಕಿದ; ಅದು ನಿಧಾನವಾಗಿ ತಿರುಗಿದರೂ ಯಂತ್ರ ಕಾಯಲಿಲ್ಲ.

"ಒಬ್ಬರು ಹೋದದ್ದು ಸಾಲದೇ ಮಾಚಣ್ಣ?" ಎಂದಳು ಅತ್ತಿಗೆ.

"ಅಣ್ಣನ ಕೆಲಸ ಅರ್ಧಕ್ಕೆ ನಿಂತಿದೆ ಅತ್ತಿಗೆ," ಎಂದು ಹೊರಟ.

ಆಸ್ಥಾನದಲ್ಲಿ ಅವನು ಕೈಮುಗಿದು ಹೇಳಿದ: "ಮೊದಲನೆಯದು ಪ್ರೊಸೆಸರ್, ಪ್ರಭು. ಲೆಕ್ಕ ಹೆಚ್ಚಿದಷ್ಟೂ ಕಾಯುತ್ತದೆ; ತೀರಾ ಕಾದರೆ ತಾನು ಸುಟ್ಟುಹೋಗದಂತೆ ನಿಧಾನಿಸುತ್ತದೆ. ಎರಡನೆಯದಕ್ಕೆ ಕುಳ್ಳನನ್ನೇ ಕರೆಯಿರಿ, ಆದರೆ ಅಗಲಕ್ಕೆ ಬೆಳೆದವನನ್ನು. ತಗ್ಗು ಪೆಟ್ಟಿಗೆಯಲ್ಲಿ ಕೂಲರು ಮೇಲಕ್ಕೆ ಏರಲಾರದು, ಪಕ್ಕಕ್ಕೆ ಹರಡಬೇಕು."

ದೊರೆ ಮೂರನೆಯದನ್ನು ಕೇಳಿದ: "ದುಡಿಯುತ್ತಲೇ ಇರಬೇಕು, ಇದ್ದಾನೆಂದು ಗೊತ್ತಾಗಬಾರದು. ಅಂಥ ಆಳು ಯಾರು? ಬಾಯಲ್ಲಿ ಹೇಳಬೇಡ, ತೋರಿಸು."

ಮಾಚೋಜ ಕೂಲರು ಕೂರಿಸಿ, ಮುಚ್ಚಳ ಹಾಕಿ, ಯಂತ್ರಕ್ಕೆ ಎಡೆಬಿಡದೆ ಲೆಕ್ಕ ಕೊಟ್ಟ. ಹೊತ್ತು ಏರಿತು. ಮಂತ್ರಿ ಪೆಟ್ಟಿಗೆ ಮುಟ್ಟಿ ನೋಡಿದ, ಬೆಚ್ಚಗಿತ್ತು, ಅಷ್ಟೇ. ದೊರೆ ಕಿವಿಯಿಟ್ಟ. "ನಿಂತುಹೋಗಿದೆಯಲ್ಲ!"

"ಇಲ್ಲ ಪ್ರಭು, ತಿರುಗುತ್ತಿದೆ. ಕೇಳಿಸದ ಈ ಫ್ಯಾನೇ ಮೂರನೆಯ ಉತ್ತರ. ಇನ್ನು ಮಹಾರಾಣಿಯವರ ದನಿ ಕೇಳಿ."

ಪೆಟ್ಟಿಗೆಯಿಂದ ಸೋತ ದನಿ ಬಂತು. ಹಾಡಲ್ಲ. "ದೊರೆಗಳು ಬಂದರೇ? ಮತ್ತೊಮ್ಮೆ ಹೇಳಿಕಳಿಸಿ. ಬಂದರೇ?"

ಅವಳು ಕಣ್ಣುಮುಚ್ಚಿದ ದಿನ ದೊರೆ ಬೇಟೆಯಲ್ಲಿದ್ದ. ಈಗ ಸಿಂಹಾಸನದಿಂದಿಳಿದು ನೆಲದ ಮೇಲೆ ಕುಳಿತ. "ಇದಕ್ಕಾಗಿ ತಲೆ ತೆಗೆಸಿದೆನೇ..." ಎಂದ. ಆಮೇಲೆ, "ಊರು ನಿನ್ನದು. ಇನ್ನೇನು ಬೇಕು?" ಎಂದು ಕೇಳಿದ.

"ನಮ್ಮಣ್ಣ ಬೇಕಿತ್ತು, ಪ್ರಭು."

ದೊರೆ ಮುಖ ತಿರುಗಿಸಿದ. ಅಂದೇ ತಲೆದಂಡ ನಿಲ್ಲಿಸಿ, ಉಂಬಳಿಯನ್ನು ಬಮ್ಮೋಜನ ಮಕ್ಕಳ ಹೆಸರಿಗೆ ಬರೆಸಿದ. ಉಂಬಳಿ ಅಣ್ಣನ ಮಕ್ಕಳಿಗೇ ಸೇರಲೆಂದು ಮಾಚೋಜನೇ ಬೇಡಿಕೊಂಡಿದ್ದ.

ಅವನು ಮನೆಗೆ ಬಂದು ಉಂಬಳಿಯ ತಾಮ್ರಶಾಸನವನ್ನು ಅತ್ತಿಗೆಯ ಮುಂದಿಟ್ಟ. ಅವಳು ಅದನ್ನು ನೋಡಲಿಲ್ಲ.

"ನಿಮ್ಮಣ್ಣ ಮಾಡಿದ್ದು ತಣ್ಣಗಿತ್ತಂತೆ, ಹೌದಾ?"

"ತಣ್ಣಗೇ ಇತ್ತು ಅತ್ತಿಗೆ. ಸ್ವಲ್ಪ ಸದ್ದಿತ್ತು."

"ಅಷ್ಟಕ್ಕೇನಾ?" ಎಂದಳು.

ಮಾಚೋಜ ಅಣ್ಣನ ಕೂಲರಿನಿಂದ ಬಿಚ್ಚಿದ್ದ ಹಳೆಯ ಫ್ಯಾನನ್ನು ತಂದು ಶಾಸನದ ಪಕ್ಕದಲ್ಲಿಟ್ಟ.