ಗಾಳಿಗೆ ರಸೀದಿ

"ಗುರುಗಳೇ, ಕಾಸು ಕೊಟ್ಟ ಮೇಲೂ ಕೈ ಮುಗಿಯುವುದು ಯಾಕೆ?" ಎಂದು ಶಿಷ್ಯ ಕೇಳಿದ.

ಇಬ್ಬರೂ ಆಗತಾನೇ ಹರಿಗೋಲಿನಿಂದ ಇಳಿದು ಹೊಳೆಯ ದಂಡೆಯಲ್ಲಿ ಕುಳಿತಿದ್ದರು. ಅಂಬಿಗನಿಗೆ ಕಾಸು ಕೊಟ್ಟವನು ಶಿಷ್ಯ. ಅಂಬಿಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ವ್ಯವಹಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗುರುಗಳು ಅವನಿಗೆ ಕೈ ಮುಗಿದರು, ಅದೂ ಬಗ್ಗಿ. ಕಾಸೂ ಹೋಯಿತು, ನಮಸ್ಕಾರವೂ ಹೋಯಿತು ಎಂದು ಶಿಷ್ಯನ ಲೆಕ್ಕ.

"ಕೊಟ್ಟೆವು, ದಾಟಿದೆವು. ಅವನ ಋಣ ನಮಗಿಲ್ಲ, ನಮ್ಮದು ಅವನಿಗಿಲ್ಲ. ಹೌದೋ ಅಲ್ಲವೋ ನೀವೇ ಹೇಳಿ."

ಗುರುಗಳು ಒದ್ದೆಯಾದ ಪಂಚೆಯ ಅಂಚು ಹಿಂಡುತ್ತ ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಬೆಲ್ಲ, ಬೇಳೆ, ಮೆಣಸಿನಕಾಯಿ, ತೂಕಕ್ಕೆ ಬರುವುದೆಲ್ಲ ಅವನ ಅಂಗಡಿಯಲ್ಲಿತ್ತು. ಇಲ್ಲದ್ದು ನಿದ್ದೆ ಒಂದೇ. ಮಲಗಿದರೆ ಕಿವಿಯಲ್ಲಿ ಗಾಡಿಯ ಸದ್ದು, ಕಣ್ಣು ಮುಚ್ಚಿದರೆ ಎದುರಿಗೆ ತಕ್ಕಡಿ. ಕಷಾಯ ಕುಡಿದು ಕುಡಿದು ನಾಲಿಗೆ ಕಹಿಯಾಯಿತೇ ಹೊರತು ರೆಪ್ಪೆ ಕೂಡಲಿಲ್ಲ. ಕೊನೆಗೆ ವೈದ್ಯನೇ ಬೇಸತ್ತು, "ನನ್ನ ಹತ್ತಿರ ಇನ್ನು ಬೇರು ಉಳಿದಿಲ್ಲ. ನೀರಿನ ಮಗ್ಗುಲಲ್ಲಿ ಒಂದು ಮನೆ ಮಾಡಿಕೊಳ್ಳಿ. ಬಿಡುವು ಸಿಕ್ಕಾಗ ಹೋಗಿ ಬಿದ್ದುಕೊಳ್ಳಿ" ಎಂದ.

ಪೇಟೆಯಿಂದ ಅರ್ಧ ದಿನದ ದಾರಿಯಲ್ಲಿ ಒಂದು ದೊಡ್ಡ ಕೆರೆಯಿತ್ತು. ಅದರ ದಂಡೆಯಲ್ಲಿ ಒಬ್ಬ ರೈತನ ಜಾಗ. ರೈತ ಮಣ್ಣಿಗೆ ಒಂದು ಬೆಲೆ ಹೇಳಿದ, ಬಾವಿಗೆ ಒಂದು, ಹುಣಸೆಮರಕ್ಕೆ ಒಂದು. ವ್ಯಾಪಾರಿ ಮೂರನ್ನೂ ಜಗ್ಗಿದ. ಹುಣಸೆಹಣ್ಣು ಬಹಳ ಹುಳಿ ಎಂದು ಮರದ ಬೆಲೆ ಇಳಿಸಿದ. ರೈತ ನಗು ತಡೆಯಲಾಗದೆ ಒಪ್ಪಿಕೊಂಡುಬಿಟ್ಟ.

ಮನೆ ಎದ್ದಿತು. ಕೆರೆಗೆ ಮುಖ ಮಾಡಿದ ಪಡಸಾಲೆ, ಪಡಸಾಲೆಯಲ್ಲಿ ತೂಗುಮಣೆ. ಮೊದಲ ದಿನ ಉಂಡು ಮಣೆಯ ಮೇಲೆ ಕಾಲು ಚಾಚಿದ. ನೀರಿನ ಮೇಲಿಂದ ಗಾಳಿ ಬಂತು. ಬಾಯಿ ತೆರೆದುಕೊಂಡು ಸಂಜೆಯವರೆಗೆ ಮಲಗಿದ. ಎದ್ದ ಮೇಲೆ ತನ್ನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂಥ ನಿದ್ದೆ.

ಹೆಸರು ನೆನಪಾಯಿತು. ಹಿಂದೆಯೇ ಹೆದರಿಕೆ ಬಂತು.

ಮಣ್ಣಿಗೆ ಕೊಟ್ಟಿದ್ದೇನೆ, ಬಾವಿಗೆ ಕೊಟ್ಟಿದ್ದೇನೆ, ಮರಕ್ಕೆ ಕೊಟ್ಟಿದ್ದೇನೆ. ಈ ಗಾಳಿಗೆ? "ಬಿಟ್ಟಿ ಸರಕು ಮನೆಗೆ ಬಂದರೆ ಮಾಲೀಕ ಹಿಂದೆಯೇ ಬರುತ್ತಾನೆ" ಎಂದು ಅವನಪ್ಪ ಹೇಳುತ್ತಿದ್ದ. ಇಷ್ಟು ಒಳ್ಳೆಯ ಸರಕಿನ ಮಾಲೀಕ ಬಂದರೆ ಏನು ಕೇಳಿಯಾನು? ಮನೆಯನ್ನೇ ಕೇಳಿದರೆ? ಅಂದಿನಿಂದ ಗಾಳಿ ಬೀಸಿದಾಗಲೆಲ್ಲ ವ್ಯಾಪಾರಿ ಎದ್ದು ಕುಳಿತು ದಾರಿ ನೋಡತೊಡಗಿದ. ಪೇಟೆಯಲ್ಲಿ ಸದ್ದಿಗೆ ಎಚ್ಚರ, ಇಲ್ಲಿ ಸುಖಕ್ಕೆ ಎಚ್ಚರ. ನಿದ್ದೆಗೆಂದು ಕಟ್ಟಿಸಿದ ಮನೆಯಲ್ಲೇ ನಿದ್ದೆ ಹೋಯಿತು. ಹೀಗೇ ಆದರೆ ಮನೆಯನ್ನು ಮಾರುವುದೊಂದೇ ದಾರಿ ಎಂದುಕೊಂಡ. ಮಾರಲು ಮನಸ್ಸೂ ಬರಲಿಲ್ಲ. ಆ ಒಂದು ಮಧ್ಯಾಹ್ನದ ರುಚಿ ಹತ್ತಿತ್ತು.

ಹಣದ ಚೀಲ ಹಿಡಿದು ರೈತನ ಹತ್ತಿರ ಹೋದ. "ಗಾಳಿಯ ಬೆಲೆ ತೆಗೆದುಕೋ, ರಸೀದಿ ಕೊಡು" ಎಂದ.

"ಅದು ನಂದಲ್ಲ ಸಾವ್ಕಾರ್ರೇ. ನಂದಾಗಿದ್ದರೆ ಅದನ್ನೂ ಹುಳಿ ಅಂತ ಇಳಿಸುತ್ತಿದ್ದಿರಿ. ಕೆರೆಯ ಕಡೆಯಿಂದ ಬರುತ್ತೆ. ಅಲ್ಲಿ ಕೇಳಿ."

ಕೆರೆಯಲ್ಲಿ ಮೀನು ಹಿಡಿಯುವವನನ್ನು ಕೇಳಿದ. ಅವನು ಬಲೆ ಎತ್ತಿ ತೋರಿಸಿದ. "ನೀವೇ ನೋಡಿ ಬುದ್ಧೀ, ಇದರಲ್ಲಿ ಗಾಳಿ ನಿಲ್ಲುತ್ತದೆಯೇ? ನಿಂತಿದ್ದರೆ ಮಾರದೆ ಬಿಡುತ್ತಿದ್ದೆನೇ?"

ಊರ ಗೌಡನ ಹತ್ತಿರ ಹೋಗಿ, ಕೆರೆ ಕಟ್ಟಿಸಿದವರು ಯಾರು ಎಂದು ಕೇಳಿದ. ಗೌಡನಿಗೂ ಗೊತ್ತಿರಲಿಲ್ಲ. ಏರಿಯ ಮೇಲೆ ಒಂದು ಕಲ್ಲು ಇತ್ತು. ಅದರಲ್ಲಿ ಹೆಸರೂ ಇತ್ತಂತೆ. ದನಗಳು ಮೈ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಮಕ್ಕಳು ಮೊಮ್ಮಕ್ಕಳು ಎಂದು ಯಾರೂ ಬಂದು ಕೇಳಿದ್ದಿಲ್ಲ.

"ಹಾಗಾದರೆ ಈ ಹಣ ನೀವೇ ಇಟ್ಟುಕೊಳ್ಳಿ ಗೌಡರೇ."

ಗೌಡ ಒಂದು ಹೆಜ್ಜೆ ಹಿಂದೆ ಸರಿದ. "ಇಟ್ಟುಕೊಂಡರೆ ನಿಮ್ಮ ಹೆದರಿಕೆಯೂ ಅದರ ಜೊತೆ ಬರುತ್ತದೆ. ನನ್ನ ನಿದ್ದೆ ಚೆನ್ನಾಗಿದೆ, ಹಾಗೇ ಇರಲಿ. ನಾಡಿದ್ದು ಕೆರೆಯ ಹೂಳು ಎತ್ತುತ್ತೇವೆ. ಬೇಕಾದರೆ ಬನ್ನಿ."

ಮಳೆಯ ನೀರಿನ ಜೊತೆ ಬಂದ ಮಣ್ಣು ಕೆರೆಯ ತಳದಲ್ಲಿ ಕೂರುತ್ತದೆ. ಅದೇ ಹೂಳು. ಬಿಟ್ಟರೆ ಕೆರೆ ತಟ್ಟೆಯಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ನೀರು ಇಳಿದಾಗ ಊರಿನವರು ಅದನ್ನು ಬುಟ್ಟಿಯಲ್ಲಿ ಹೊತ್ತು ಏರಿಗೆ ಹಾಕುತ್ತಿದ್ದರು. ಮನೆಗೊಬ್ಬರು. ಕೂಲಿ ಇಲ್ಲ, ಅಂಬಲಿ ಮಾತ್ರ.

ವ್ಯಾಪಾರಿ ಹೋಗಲಿಲ್ಲ. ಆಳುಗಳನ್ನು ಕಳಿಸಿದ. ಗೌಡ ಅವರಿಗೆ ಅಂಬಲಿ ಕುಡಿಸಿ ಹಿಂದಕ್ಕೆ ಕಳಿಸಿದ. ಜೊತೆಗೆ ಒಂದು ಮಾತು ಹೇಳಿ ಕಳಿಸಿದ: "ಸಂಜೆ ಕೂಲಿ ಕೊಟ್ಟು ಇವರ ಬಾಕಿ ತೀರಿಸುತ್ತೀರಿ. ನಿಮ್ಮದು ಇಲ್ಲೇ ಇರುತ್ತದೆ."

ಆಗ ವ್ಯಾಪಾರಿ ತಾನೇ ಬಂದ. ರುಮಾಲು ಬಿಚ್ಚಿ, ಸುತ್ತಿ, ತಲೆಯ ಮೇಲೆ ಸಿಂಬಿ ಮಾಡಿಕೊಂಡ. ಮೊದಲ ಬುಟ್ಟಿಯಲ್ಲಿ ಅರ್ಧ ಏರಿಗೆ ಹೋಯಿತು, ಅರ್ಧ ಅವನ ಮೂಗಿನ ಮೇಲೆ ಇಳಿಯಿತು. ಜನ ನಕ್ಕರು. ಅವನು ಒರೆಸಿಕೊಳ್ಳಲಿಲ್ಲ. ಎಣಿಸತೊಡಗಿದ. "ಲಾಭ... ಎರಡು... ಮೂರು..." ಪೇಟೆಯಲ್ಲಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

ಮುಂದೆ ಬುಟ್ಟಿ ಹೊತ್ತು ನಡೆಯುತ್ತಿದ್ದ ಹೆಂಗಸು ತಿರುಗದೆಯೇ ಕೇಳಿದಳು. "ಇದರಲ್ಲೇನು ಲಾಭ ಬಂತಣ್ಣಾ?"

"ಲಾಭ ಅಲ್ಲ ತಾಯಿ, ಬಾಕಿ ತೀರಿಸುತ್ತಿದ್ದೇನೆ. ಎಷ್ಟು ಬುಟ್ಟಿ ಹೊತ್ತರೆ ಮುಗಿದೀತು?"

"ನಮ್ಮತ್ತೆ ಹೊತ್ತರು. ಅವರ ಅತ್ತೆಯೂ ಹೊತ್ತಿದ್ದರಂತೆ. ಮುಗಿದಿದ್ದರೆ ಸಾಯುವಾಗ ಒಂದು ಮಾತು ಹೇಳಿ ಹೋಗುತ್ತಿದ್ದರು."

ವ್ಯಾಪಾರಿ ನಡುದಾರಿಯಲ್ಲಿ ನಿಂತುಬಿಟ್ಟ. ಹಿಂದಿನಿಂದ ಯಾರೋ, "ಸಾವ್ಕಾರ್ರೇ, ಯೋಚನೆ ಮಾಡೋದಾದರೆ ಬುಟ್ಟಿ ಇಳಿಸಿ ಮಾಡಿ, ನಮ್ಮ ಕತ್ತು ಮುರೀತಿದೆ" ಎಂದರು. ಅವನಿಗೆ ನಗು ಬಂತು. ನಕ್ಕಾಗ ಬುಟ್ಟಿ ಅಲುಗಾಡಿತು, ಎಣಿಕೆ ತಪ್ಪಿತು. ತಪ್ಪಿದ್ದನ್ನು ಅವನು ಹುಡುಕಲು ಹೋಗಲಿಲ್ಲ.

ಮಾಲೀಕ ಹಿಂದೆ ಬರುತ್ತಾನೆ ಎಂದು ಅಪ್ಪ ಹೇಳಿದ್ದ. ಇಲ್ಲ, ಈ ಮಾಲೀಕ ಮುಂಚೆಯೇ ಬಂದಿದ್ದ. ಬಂದು, ಕೆರೆ ಕಟ್ಟಿಸಿ ಕೊಟ್ಟು, ಹೋಗಿಯೂ ಆಗಿತ್ತು. ವ್ಯಾಪಾರಿ ಇಷ್ಟು ದಿನ ಹೆದರಿಕೊಂಡು ದಾರಿ ಕಾದದ್ದು ಏನನ್ನೂ ಕೇಳದವನಿಗಾಗಿ.

ಕೆಲಸ ಮುಗಿದ ಮೇಲೆ ಎಲ್ಲರನ್ನೂ ತನ್ನ ಬಾವಿಗೆ ಕರೆದ. ಅವರು ಕೈಕಾಲು ತೊಳೆದು ಪಡಸಾಲೆಯಲ್ಲಿ ಉರುಳಿಕೊಂಡರು. ತೂಗುಮಣೆಯನ್ನು ಆ ಹೆಂಗಸು ಮೊದಲೇ ಹಿಡಿದಿದ್ದಳು. ಮನೆಯ ಯಜಮಾನನಿಗೆ ಹೊಸ್ತಿಲ ಪಕ್ಕದ ನೆಲ ಸಿಕ್ಕಿತು. ಕಿವಿಯಲ್ಲಿ ಇನ್ನೂ ಕೆಸರಿತ್ತು. ಗಾಳಿ ಬಂತು. ಇವನು ಕಟ್ಟಿಸಿದ ಮನೆ, ಅವರು ಕಾಯ್ದ ಕೆರೆ ಎಂದು ಬೇರೆ ಮಾಡದೆ ಎಲ್ಲರ ಮೇಲೂ ಹಾದುಹೋಯಿತು. ವ್ಯಾಪಾರಿ ಕೈ ಮುಗಿಯಲು ಹೋದ. ಯಾವ ದಿಕ್ಕಿಗೆ ಮುಗಿಯಬೇಕೆಂದು ತಿಳಿಯಲಿಲ್ಲ. ಜೋಡಿಸಿದ ಕೈಯನ್ನು ಹಾಗೇ ಎದೆಯ ಮೇಲಿಟ್ಟುಕೊಂಡು ನಿದ್ದೆಹೋದ. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವನು ಅವನೇ.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ಹೂಳು ಹೊರಲು ಪೇಟೆಯಿಂದ ಒಬ್ಬ ಬರುತ್ತಿದ್ದ. ಬುಟ್ಟಿ ಎಣಿಸುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ಕೆರೆದುಕೊಂಡ. ಅವನು ಅಷ್ಟು ಸುಲಭಕ್ಕೆ ಸೋಲುವವನಲ್ಲ.

"ಎಲ್ಲಾ ಸರಿ ಗುರುಗಳೇ. ರೈತನಿಗೆ ಬೆಲೆ ಸಿಕ್ಕಿತು. ವ್ಯಾಪಾರಿಗೆ ನಿದ್ದೆ ಸಿಕ್ಕಿತು. ಕೆರೆ ಕಟ್ಟಿಸಿದವನೊಬ್ಬನಿಗೇ ನಷ್ಟ. ದುಡ್ಡೂ ಹೋಯಿತು, ಹೆಸರನ್ನೂ ದನ ಉಜ್ಜಿಹಾಕಿತು. ಅಷ್ಟೊಂದು ಕೊಟ್ಟದ್ದಕ್ಕೆ ಅವನಿಗೆ ಬಂದದ್ದಾದರೂ ಏನು?"

ಗುರುಗಳು ಎದ್ದು ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡರು. ಆಗ ಅವರು ಹೇಳಿದ್ದು ಒಂದೇ ಮಾತು.

"ಅವನು ಹುಟ್ಟಿದ ದಿನ ಅವನಿಗೆ ಎರೆದ ನೀರು ಇನ್ಯಾರೋ ಕಟ್ಟಿಸಿದ್ದ ಕೆರೆಯದು."