ಅತ್ತೆಯ ಹಾಡಿಗೆ ರಾಯ ತೂಕದ ಕಲ್ಲಾದದ್ದು

ಒಂದಾನೊಂದು ಊರಿನಲ್ಲಿ, ಊರುಗಳೆಲ್ಲ ಇನ್ನೂ ಅಲ್ಲಾಡದೆ ನಿಂತಿದ್ದ ಕಾಲದಲ್ಲಿ, ಮುದ್ದುವೀರರಾಯ ಅಂತ ಒಬ್ಬ ರಾಜನಿದ್ದ. ಊರಿನ ಹೆಸರು ಗುಂಡುಕೊಪ್ಪ. ರಾಜನಿಗೆ ಯುದ್ಧ ಬೇಡ, ಬೇಟೆ ಬೇಡ. ಅವನ ಹತ್ತಿರ ಇದ್ದದ್ದು ಒಂದು ಗ್ರಾಮಫೋನು. ಅದಕ್ಕೆ ಒಂದೇ ಒಂದು ಪ್ಲೇಟು. ಆ ಪ್ಲೇಟಿನಲ್ಲಿ ಹಾಡಿದವರು ಅವನನ್ನು ಸಾಕಿ ಬೆಳೆಸಿದ ಸೋದರತ್ತೆ, ಚೆಲುವಾಜಮ್ಮಣ್ಣಿ.

ದಿನಾ ಬೆಳಿಗ್ಗೆ ರಾಜ ಆ ಪ್ಲೇಟು ಹಾಕುತ್ತಿದ್ದ. ದಿನಾ ಸಭೆಯೆಲ್ಲ ಕೇಳಬೇಕು. ದಿನಾ ಎಲ್ಲರೂ ತಲೆದೂಗಬೇಕು.

ಒಂದು ದಿನ ಆಸ್ಥಾನ ವಿದ್ವಾಂಸ ಭುಜಂಗಯ್ಯ ತಲೆದೂಗಲಿಲ್ಲ. ತಲೆ ಕೆರೆದುಕೊಂಡ.

"ಮಹಾಸ್ವಾಮಿ, ಮೂರನೇ ಚರಣದಲ್ಲಿ 'ಗಕ್' ಅಂತ ಒಂದು ಸದ್ದಿದೆ. ಅಮ್ಮಣ್ಣಿಯವರ ಗಂಟಲು ಅಲ್ಲಿ ಜಾರಿದೆ."

ಅತ್ತೆ ಅಲ್ಲೇ ಮೂಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. "ಇದ್ದರೂ ಇರಬಹುದಪ್ಪ" ಅಂದರು. ಅಷ್ಟೇ. ಅಕ್ಕಿ ಆರಿಸುವಾಗಲೂ ಗುನುಗುತ್ತಿದ್ದವರು ಅವತ್ತಿನಿಂದ ಗುನುಗುವುದನ್ನೂ ಬಿಟ್ಟರು.

ರಾಜನಿಗೆ ಮೈಯೆಲ್ಲ ಉರಿಯಿತು. "ನಮ್ಮತ್ತೆ ಗಂಟಲು ಜಾರೋದಾ? ಜಾರಿರೋದು ಯಂತ್ರ! ಮೌನಾಚಾರಿಯನ್ನ ಕರೆಸಿ!"

ಮೌನಾಚಾರಿ ಊರಿನ ಯಂತ್ರದ ಕೆಲಸದವನು. ಮೌನ ಇದ್ದದ್ದು ಹೆಸರಿನಲ್ಲಿ ಮಾತ್ರ. ಬಂದವನೇ ಗ್ರಾಮಫೋನಿನ ಚಕ್ರವನ್ನು ಬೆರಳಿನಿಂದ ತಟ್ಟಿದ.

"ಬುದ್ಧೀ, ಚಕ್ರ ಹಗುರ. ಹಗುರ ಇದ್ದದ್ದು ನಡುಗ್ತದೆ. ನಡುಗಿದ್ದು ಗಕ್ ಅಂತದೆ. ಭಾರದ ಚಕ್ರ ಬೇಕು."

"ಎಷ್ಟು ಭಾರ?"

"ತಮ್ಮ ಮರ್ಯಾದೆಯಷ್ಟು."

ರಾಜ ಊರಾಚೆಯ ಗುಡ್ಡವನ್ನೇ ತೋರಿಸಿದ. ಗುಡ್ಡವನ್ನು ಕಡೆದು ಗುಂಡಗೆ ಚಕ್ರ ಮಾಡಿದರು. ಅರಮನೆಯ ಅಂಗಳದಲ್ಲಿ ಇಟ್ಟರು. ಅದರ ಮೇಲೆ ಅತ್ತೆಯ ಪ್ಲೇಟು ಇಟ್ಟರು. ತಿರುಗಿಸಲು ಎಂಟು ಆನೆ ಕಟ್ಟಿದರು. ಆನೆಗಳು ನೂಕಿದವು. ಚಕ್ರ ಅಲ್ಲಾಡಲಿಲ್ಲ. ಇನ್ನೂ ನೂಕಿದವು. ಚಕ್ರ ಅಲ್ಲಾಡಲೇ ಇಲ್ಲ. ಆದರೆ ನೂಕಿದ ಬಲ ಎಲ್ಲಿಗಾದರೂ ಹೋಗಬೇಕಲ್ಲ? ಚಕ್ರ ನಿಂತಲ್ಲೇ ನಿಂತಿತು, ಊರು ತಿರುಗತೊಡಗಿತು.

"ತೊಂದರೆಯಿಲ್ಲ ಬುದ್ಧೀ" ಅಂದ ಮೌನಾಚಾರಿ. "ಪ್ಲೇಟು ತಿರುಗಿದರೂ ಒಂದೇ, ಕೇಳೋರು ತಿರುಗಿದರೂ ಒಂದೇ."

ನಿಮಿಷಕ್ಕೆ ಮೂವತ್ತಮೂರು ಸುತ್ತು, ಮೇಲೆ ಮೂರನೇ ಒಂದು ಸುತ್ತು. ಆ ಮೂರನೇ ಒಂದರಲ್ಲಿ ಎಲ್ಲರೂ ಮುಗ್ಗರಿಸುತ್ತಿದ್ದರು. ಪೂರ್ವದ ಬಾಗಿಲಿಂದ ನೀರಿಗೆ ಹೋದವರು ಪಶ್ಚಿಮದ ಬಾಗಿಲಿಗೆ ಬರುತ್ತಿದ್ದರು. ತನ್ನ ಮನೆ ಮಾಡಿನಿಂದ ಹಾರಿದ ಕಾಗೆ ಬೀಗರ ಮನೆ ಮಾಡಿನ ಮೇಲೆ ಇಳಿಯುತ್ತಿತ್ತು. ಆದರೂ ಗುಂಡುಕೊಪ್ಪದ ಜನ ಮೀಸೆ ತಿರುವಿ ಹೇಳುತ್ತಿದ್ದರು: "ಬೇರೆ ಕಡೆ ಜನ ಊರು ಸುತ್ತುತಾರೆ. ನಮ್ಮಲ್ಲಿ ಊರೇ ಜನಾನ ಸುತ್ತಿಸ್ತದೆ!"

ಇನ್ನು ಮುಳ್ಳು ಹಿಡಿಯುವ ತೋಳು ಬೇಕು. ಹದಿನೆಂಟು ಮೊಳದ ಬೀಟೆ ಮರದಲ್ಲಿ ತೋಳು ಕೆತ್ತಿದರು. ಕೆತ್ತಿ ಮುಗಿಸಿದ ಕೂಡಲೇ ತೋಳು ಬಾಯಿಬಿಟ್ಟಿತು.

"ನಾನು ಬೀಟೆಯ ವಂಶದವನು. ಸಿಕ್ಕಿದ ಮುಳ್ಳನ್ನೆಲ್ಲ ಕಟ್ಟಿಕೊಳ್ಳೋನಲ್ಲ. ಹೆಣ್ಣು ತೋರಿಸಿ."

ಜಾಲಿ ಮುಳ್ಳು ತಂದರು. "ಕಪ್ಪು" ಅಂದಿತು ತೋಳು. ಹಿತ್ತಾಳೆ ಮುಳ್ಳು ತಂದರು. "ದನಿ ಕೀರಲು" ಅಂದಿತು. ಕೊನೆಗೆ ವಜ್ರದ ಮುಳ್ಳು ತಂದರು. ತೋಳು ನಾಚಿಕೊಂಡು ನೆಲ ನೋಡಿತು. ಆದರೆ ಮುಳ್ಳೇ ಮೂಗು ಮುರಿಯಿತು.

"ಗಂಡು ದಪ್ಪ. ನಾನು ನಾಜೂಕು. ನನ್ನ ತಲೆ ಮೇಲೆ ಹದಿನಾರು ಗುಲಗಂಜಿ ಭಾರ ಮಾತ್ರ ಹೊರಿಸಬೇಕು. ಹದಿನೇಳಾದರೆ ತವರಿಗೆ ಹೋಗ್ತೀನಿ. ಹದಿನೈದಾದರೆ ಹಾರಿ ಹೋಗ್ತೀನಿ."

"ಮೂವತ್ತು ಮಣದ ತೋಳನ್ನ ಹದಿನಾರು ಗುಲಗಂಜಿ ಮಾಡೋದು ಹೇಗಯ್ಯ?" ರಾಜ ಕೇಳಿದ.

"ತಕ್ಕಡಿ ಹಂಗೆ ಬುದ್ಧೀ. ತೋಳಿನ ಹಿಂದುಗಡೆ ಸರಿಯಾದ ತೂಕ ಕಟ್ಟಿದರೆ ಮುಂದುಗಡೆ ಹಗುರ ಆಗ್ತದೆ."

ಬೀಸುಕಲ್ಲು ಕಟ್ಟಿದರು. ಸಾಲಲಿಲ್ಲ. ಆನೆ ಕಟ್ಟಿದರು. ಮುಳ್ಳು ಮೇಲಕ್ಕೆದ್ದು ಗೋಪುರಕ್ಕೆ ಬಡಿಯಿತು. ಬೀಸುಕಲ್ಲಿಗಿಂತ ಹೆಚ್ಚು, ಆನೆಗಿಂತ ಕಡಿಮೆ ತೂಗುವುದು ಅರಮನೆಯಲ್ಲಿ ಏನಿದೆ? ಎಲ್ಲರೂ ಹುಡುಕಿದರು. ಹುಡುಕಿ ಹುಡುಕಿ ರಾಜನನ್ನೇ ನೋಡಿದರು.

"ಕಟ್ಟಿ!" ಅಂದ ರಾಜ. "ಅತ್ತೆ ಮಾನಕ್ಕೆ ಅಳಿಯನ ಮೈ!"

ರಾಜನನ್ನು ತೋಳಿನ ಹಿಂದಕ್ಕೆ ತೂಗುಹಾಕಿದರು. ಮೌನಾಚಾರಿ ಒಂದು ಕಣ್ಣು ಮುಚ್ಚಿ ನೋಡಿದ. "ಒಂದು ಸಂಡಿಗೆಯಷ್ಟು ಕಡಿಮೆ ಬಿತ್ತು." ರಾಜನ ಬಾಯಿಗೆ ಒಂದು ಸಂಡಿಗೆ ಹಾಕಿದರು. ಸರಿಹೋಯಿತು. "ಉಸಿರು ಬಿಡಬೇಡಿ ಬುದ್ಧೀ!"

ಊರು ತಿರುಗಿತು. ಮುಳ್ಳು ಇಳಿಯಿತು. ಅತ್ತೆ ಹಾಡಿದರು.

ಅಂಥ ಹಾಡನ್ನು ಯಾರೂ ಕೇಳಿರಲಿಲ್ಲ. ಅತ್ತೆಯ ದನಿ ಆಗತಾನೆ ಕರೆದ ಹಾಲಿನ ಹಾಗಿತ್ತು. ದನಿಯ ಹಿಂದೆ ಅವರ ಬಳೆ ಕೇಳಿಸಿತು. ಬಳೆಯ ಹಿಂದೆ ಗೋಡೆಯ ಹಲ್ಲಿ ಕೇಳಿಸಿತು. ಹಲ್ಲಿಯ ಹಿಂದೆ, ತಂಬೂರಿ ಮೀಟುತ್ತಿದ್ದವನು ಮನಸ್ಸಿನಲ್ಲೇ "ಇವತ್ತು ಹುಳಿಗೆ ಏನು ಕಾಯಿ ಹಾಕಿರಬಹುದು" ಅಂದುಕೊಂಡದ್ದೂ ಕೇಳಿಸಿತು. ಆಮೇಲೆ ಮೂರನೇ ಚರಣ ಬಂತು.

"ಗಕ್!"

ಭುಜಂಗಯ್ಯ ಕಿವಿ ನಿಮಿರಿಸಿದ. "ಮಹಾಸ್ವಾಮಿ, ನಾನು ತಪ್ಪು ಹೇಳಿದ್ದೆ. ಇದು ಗಂಟಲಿಂದ ಬಂದದ್ದಲ್ಲ. ಒಂದೂವರೆ ಮೊಳ ಕೆಳಗಿಂದ ಬಂದದ್ದು. ತೊಡೆ ಮೇಲಿಂದ!"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗು ಸರಿಮಾಡಿಕೊಂಡರು.

"ನೀನೇ ಕಣಪ್ಪ ಮುದ್ದು. ಪ್ಲೇಟು ಮಾಡಿದ ದಿನ ನಿನಗೆ ಎಂಟು ತಿಂಗಳು. ತೊಡೆ ಮೇಲಿಂದ ಇಳಿಸಿದರೆ ಅಳುತ್ತಿದ್ದೆ. ಮಲಗಿಸಿಕೊಂಡೇ ಹಾಡಿದೆ. ನಿನಗೆ ಬಿಕ್ಕಳಿಕೆ ಬಂತು."

ತೂಗಾಡುತ್ತಲೇ ರಾಜ ಕೇಳಿದ: "ಮತ್ತೆ ಯಾಕತ್ತೆ ಹೇಳಲಿಲ್ಲ?"

"ರಾಜ ಬಿಕ್ಕಿದ ಅಂತ ನಾಕು ಜನ ನಗೋದಕ್ಕಿಂತ, ಅತ್ತೆ ತಪ್ಪಿದಳು ಅನ್ನಲಿ ಬಿಡು ಅಂತ ಸುಮ್ಮನಾದೆ."

ಭುಜಂಗಯ್ಯ ಬೆರಳೆಣಿಸಿ ತಾಳ ಹಾಕುತ್ತಿದ್ದವನು ಕೂಗಿದ: "ಮಹಾಸ್ವಾಮಿ! ಬಿಕ್ಕಳಿಕೆ ತಾಳದ ಸಮದಲ್ಲೇ ಬಿದ್ದಿದೆ! ಕೂದಲೆಳೆಯಷ್ಟೂ ಆಚೀಚೆ ಇಲ್ಲ!"

ಎಂಟು ತಿಂಗಳಿಗೇ ತಾಳ! ಅದೂ ಇಂಥ ಅತ್ತೆಯ ತೊಡೆ ಮೇಲೆ! ರಾಜನ ಎದೆ ಉಬ್ಬಿತು. ಹೆಮ್ಮೆಗೂ ತೂಕ ಇದೆ, ನೋಡಿ. ಅವನು ದಬ್ಬನೆ ಕೆಳಗೆ ಕೂತ. ತೋಳು ಮೇಲೆದ್ದಿತು. ಮುಳ್ಳು ಪ್ಲೇಟು ಬಿಟ್ಟು ಆಕಾಶ ನೋಡಿತು. ಆನೆಗಳು ಬೆಚ್ಚಿ ನಿಂತವು. ಊರು ನಿಂತಿತು. ಹಾಡು ಅರ್ಧಕ್ಕೇ ನಿಂತಿತು.

"ಹೆಮ್ಮೆ ಇಳಿಸಿ ಬುದ್ಧೀ! ಹಾಡು ಬಾಕಿ ಇದೆ!"

"ಆಗೋದಿಲ್ಲ ಕಣಯ್ಯ!" ಅಂದ ರಾಜ. ಅಂದಷ್ಟೂ ಭಾರವಾದ.

ಆಗ ಅತ್ತೆ ಎದ್ದು ಬಂದು ಅವನ ಪಕ್ಕ ನೆಲದ ಮೇಲೆ ಕೂತರು. ಅವನ ತಲೆ ಸವರಿದರು. ಉಳಿದ ಚರಣವನ್ನು ತಾವೇ ಹಾಡಿದರು. ಎಪ್ಪತ್ತು ದಾಟಿದ ದನಿ, ಅಲ್ಲಲ್ಲಿ ನಡುಗಿತು. ಬೀಟೆಯ ತೋಳು ಕೂಡ ಉಸಿರು ಹಿಡಿದು ಕೇಳಿತು. ಹಾಡು ಮುಗಿದ ಮೇಲೆ ಭುಜಂಗಯ್ಯ ಅವರ ಕಾಲಿಗೆ ಬಿದ್ದ.

ಇದರ ನೀತಿ ಏನಪ್ಪಾ ಅಂದರೆ, ತೋಳಿಗೂ ಮುಳ್ಳಿಗೂ ಜೋಡಿ ಮಾಡುವ ಮುಂಚೆ ತೂಕ ನೋಡಿ. ರಾಜನನ್ನು ತೂಗುಹಾಕುವ ಮುಂಚೆ ಅವನಿಗೆ ಹೊಗಳಿಕೆ ತಿನ್ನಿಸಬೇಡಿ.

ಕತೆ ಗುಂಡುಕೊಪ್ಪಕ್ಕೆ ಹೋಯಿತು, ನಾನು ನಿಮ್ಮ ಮುಂದೆ ಉಳಿದೆ. ತಲೆ ತಿರುಗುತ್ತಿರುವವರು ಒಂದು ಲೋಟ ಮಜ್ಜಿಗೆ ಕುಡಿದು ಏಳಿ.